ಕಾಯಕದಲ್ಲಿ ಕಾಯದ ಪಾಲು

ಕಾಯಕವೆಂಬ ಮಾತು ಕಾಯವೆಂಬ ಮಾತಿನಿಂದ ಹುಟ್ಟಿದುದು. ಕಾಯವೆಂದರೆ ಶರೀರ. ಶರೀರವನ್ನು ದುಡಿಸಿ, ಸತ್ಯಶುದ್ಧವಾದ ಮನಸ್ಸಿನಿಂದ ಮಾಡಿ, ಬಂದ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಕರ್ಮಕ್ಕೆ ಶರಣರು ಕಾಯಕವೆಂದು ಹೆಸರಿಟ್ಟರು. ನುಲಿಯ ಚಂದಯ್ಯನು ಕೆರೆಗಿಳಿದು ಹುಲ್ಲು ಕೊಯ್ದು ಹಗ್ಗ ಹೊಸೆದನು. ಅಂಬಿಗರ ಚೌಡಯ್ಯನು ಹುಟ್ಟು ಹಾಕಿ ದೋಣಿಯನ್ನು ನಡೆಸಿದನು. ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಒಗೆದನು. ಮೋಳಿಗೆಯ ಮಾರಯ್ಯನು ಕಾಡಿನಿಂದ ಸೌದೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ತಂದನು. ಇವರೆಲ್ಲರ ಕಾಯಕದಲ್ಲಿ ಕಾಲು ನಡೆಯಿತು, ಕೈ ಆಡಿತು, ಬೆನ್ನು ಬಾಗಿತು, ಮತ್ತೆ ನೆಟ್ಟಗಾಯಿತು. ಕಾಯಕಕ್ಕೂ ಕಾಯಕ್ಕೂ ಇರುವ ನಂಟನ್ನು ಆ ಕಾಲದಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂದು ಅದೇ ಶರಣರ ಮಾರ್ಗದಲ್ಲಿ ನಡೆಯಬೇಕೆಂಬ ಗೃಹಸ್ಥನ ದಿನಚರಿಯನ್ನು ನೋಡಿದರೆ ಚಿತ್ರವೇ ಬೇರೆಯಾಗಿದೆ. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ, ಪ್ರಸಾದವನ್ನು ಸ್ವೀಕರಿಸಿ, ಅವನು ವಾಹನದಲ್ಲಿ ಕುಳಿತು ಕಚೇರಿಗೆ ಹೋಗುತ್ತಾನೆ. ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತು ಕಂಪ್ಯೂಟರಿನ ಪರದೆಯನ್ನು ನೋಡುತ್ತಾನೆ. ಮಧ್ಯಾಹ್ನದ ಊಟವನ್ನೂ ಅನೇಕ ವೇಳೆ ಅದೇ ಮೇಜಿನ ಮೇಲೆಯೇ ಮುಗಿಸುತ್ತಾನೆ. ಸಂಜೆ ಮತ್ತೆ ವಾಹನದಲ್ಲಿ ಕುಳಿತು ಮನೆಗೆ ಬರುತ್ತಾನೆ. ಮನೆಯಲ್ಲಿ ಇನ್ನೊಂದು ಪರದೆಯ ಮುಂದೆ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಎದ್ದಾಗಿನಿಂದ ಮಲಗುವವರೆಗೆ ಅವನ ಬೆರಳುಗಳು ಆಡುತ್ತವೆ, ಕಣ್ಣುಗಳು ಆಡುತ್ತವೆ. ಉಳಿದ ದೇಹವೆಲ್ಲವೂ ಕಂಬದಂತೆ ಇದ್ದಲ್ಲಿಯೇ ಇರುತ್ತದೆ. ಬ್ಯಾಂಕಿನ ಗುಮಾಸ್ತ, ಸರ್ಕಾರಿ ಕಚೇರಿಯ ಸಹಾಯಕ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ತರುಣ, ಅಮೆರಿಕದಲ್ಲಿ ನೆಲಸಿರುವ ಅವನ ಅಣ್ಣ, ಇವರೆಲ್ಲರ ದಿನವೂ ಹೆಚ್ಚು ಕಡಮೆ ಹೀಗೆಯೇ ಕಳೆಯುತ್ತದೆ.

ಇದರಿಂದ ಬೆನ್ನುನೋವು ಬರುತ್ತದೆ, ಹೊಟ್ಟೆ ಬೆಳೆಯುತ್ತದೆ, ಸಕ್ಕರೆಯ ಕಾಯಿಲೆ ಬೇಗನೆ ಅಂಟುತ್ತದೆ ಎಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಆದರೆ ಇನ್ನೊಂದು ಪ್ರಶ್ನೆಯಿದೆ. ಕುಳಿತೇ ಇರುವ ಕಾಯದೊಳಗಿನ ಮನಸ್ಸು ಏನಾಗುತ್ತದೆ? ಕಚೇರಿಯ ನೌಕರನು ತನ್ನ ಧಣಿಗೂ ಜನಕ್ಕೂ ಕೊಡುವುದು ತೋಳಿನ ಬಲವನ್ನಲ್ಲ. ಬುದ್ಧಿಯ ಎಚ್ಚರವನ್ನು, ನೆನಪನ್ನು, ವಿವೇಚನೆಯನ್ನು. ದೇಹವನ್ನು ಅಲಕ್ಷಿಸಿದುದರಿಂದ ಈ ಬುದ್ಧಿಯೇ ಮಂಕಾಗುವುದಾದರೆ, ಆ ಅಲಕ್ಷ್ಯವು ಕೇವಲ ಆರೋಗ್ಯದ ಮಾತಾಗಿ ಉಳಿಯುವುದೋ, ಅಥವಾ ಆಚಾರದ ಮಾತೂ ಆಗುವುದೋ? ಇದು ವಿಚಾರಣೀಯ.

ಮೊದಲು ಒಂದು ಸಂಶಯವನ್ನು ಪರಿಹರಿಸಿಕೊಳ್ಳಬೇಕು. ಕುಳಿತು ಬರೆಯುವ ಕೆಲಸವು ಕಾಯಕವೇ ಅಲ್ಲವೆಂದೂ, ಮೈ ಬೆವರಿಳಿಸಿ ಮಾಡುವ ದುಡಿಮೆಯೊಂದೇ ಕಾಯಕವೆಂದೂ ಕೆಲವರು ವಾದಿಸುವುದುಂಟು. ಈ ವಾದ ನಿಲ್ಲುವುದಿಲ್ಲ. ಬಸವಣ್ಣನವರೇ ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದವರು, ಮುಂದೆ ಭಂಡಾರಿಗಳಾದವರು ಎಂದು ಪರಂಪರೆ ಹೇಳುತ್ತದೆ. ಲೆಕ್ಕದ ಓಲೆಯನ್ನು ಹಿಡಿದ ಕೈಯೂ ಹುಟ್ಟನ್ನು ಹಿಡಿದ ಕೈಯೂ ಶರಣರ ಕೂಟದಲ್ಲಿ ಸಮವಾಗಿಯೇ ಇದ್ದವು. ಆದುದರಿಂದ ದೋಷವು ಬರೆವಣಿಗೆಯ ಕೆಲಸದಲ್ಲಿ ಇಲ್ಲ. ಹಿಂದಿನ ಶಾನುಭೋಗನೂ ಕುಳಿತು ಲೆಕ್ಕ ಬರೆಯುವವನೇ. ಆದರೆ ಪಹಣಿ ಬರೆಯಬೇಕಾದರೆ ಅವನು ಹೊಲದಿಂದ ಹೊಲಕ್ಕೆ ನಡೆದು ಬೆಳೆಯನ್ನು ಕಣ್ಣಾರೆ ನೋಡಿ ಬರಬೇಕಾಗಿತ್ತು. ಅವನ ಲೇಖನಿಗೆ ಕಾಲುಗಳಿದ್ದುವು. ಇಂದು ಕಾಗದವೇ ತಂತಿಯ ಮೂಲಕ ಮೇಜಿಗೆ ಬರುತ್ತದೆ. ಪಕ್ಕದ ಕೋಣೆಯಲ್ಲಿರುವ ಸಹೋದ್ಯೋಗಿಗೆ ಹೇಳಬೇಕಾದ ಮಾತೂ ಬೆರಳ ತುದಿಯಿಂದಲೇ ಹೋಗುತ್ತದೆ. ಕುಳಿತು ಮಾಡುವ ಕೆಲಸ ಹಳೆಯದು. ಏಳುವ ಅಗತ್ಯವೇ ಇಲ್ಲದಂತಾದುದು ಮಾತ್ರ ಹೊಸದು.

ಕುಳಿತಿರುವುದರ ಕೆಡುಕನ್ನು ವೈದ್ಯರು ಗುರುತಿಸಿದುದು ಇತ್ತೀಚೆಗೇನೂ ಅಲ್ಲ. ಇಟಲಿಯ ಬೆರ್ನಾರ್ಡಿನೊ ರಾಮಾಜಿನಿ ಎಂಬ ವೈದ್ಯನು ಒಂದೊಂದು ಕಸುಬಿನವರಿಗೂ ಅಂಟುವ ರೋಗಗಳನ್ನು ಕುರಿತು ೧೭೦೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ೧೭೧೩ರ ಎರಡನೆಯ ಆವೃತ್ತಿಯಲ್ಲಿ ಲಿಪಿಕಾರರನ್ನೂ ಪತ್ರಲೇಖಕರನ್ನೂ ಸೇರಿಸಿಕೊಂಡು, ಅವರ ಕಷ್ಟಗಳಿಗೆ ಮೂರು ಕಾರಣಗಳನ್ನು ಹೇಳಿದನು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಒಂದೇ ತೆರನಾಗಿ ಆಡಿಸುತ್ತಿರುವುದು, ಲೆಕ್ಕದಲ್ಲಿ ತಪ್ಪು ಬಾರದಿರಲೆಂದು ಮನಸ್ಸನ್ನು ಸದಾ ಬಿಗಿಹಿಡಿದಿರುವುದು. ಮೂರು ನೂರು ವರ್ಷಗಳ ಹಿಂದಿನ ಈ ಮಾತು ಇಂದಿನ ಕಚೇರಿಗೆ ಅಕ್ಷರಶಃ ಹೊಂದುತ್ತದೆ. ದೇಹದ ಜಡತೆಯನ್ನೂ ಮನಸ್ಸಿನ ದಣಿವನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿರುವುದು ಗಮನಾರ್ಹ.

ಅನಂತರ ೧೯೫೩ರಲ್ಲಿ ಜೆರೆಮಿ ಮಾರಿಸ್ ಮತ್ತು ಅವನ ಸಂಗಡಿಗರು ಲಂಡನ್ ನಗರದ ಬಸ್ಸುಗಳ ನೌಕರರನ್ನು ಕುರಿತು ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಎರಡು ಅಂತಸ್ತಿನ ಆ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತಿರುತ್ತಿದ್ದನು. ನಿರ್ವಾಹಕನು ಚೀಟಿ ಕೊಡುವುದಕ್ಕಾಗಿ ದಿನವೆಲ್ಲ ಮೆಟ್ಟಿಲು ಹತ್ತಿಳಿಯುತ್ತಿದ್ದನು. ಇಬ್ಬರೂ ಒಂದೇ ಬಸ್ಸಿನವರು. ಆದರೂ ಹೃದಯಾಘಾತವು ಚಾಲಕರಲ್ಲಿ ಹೆಚ್ಚಾಗಿಯೂ ನಿರ್ವಾಹಕರಲ್ಲಿ ಕಡಮೆಯಾಗಿಯೂ ಕಂಡುಬಂದಿತು. ಅಂಚೆಯ ಇಲಾಖೆಯಲ್ಲಿಯೂ ಹಾಗೆಯೇ. ಕಾಗದಗಳನ್ನು ಮನೆಮನೆಗೆ ಹಂಚುವವರಿಗಿಂತ ಮೇಜಿನ ಮುಂದೆ ಕುಳಿತ ಗುಮಾಸ್ತರಿಗೆ ಈ ರೋಗ ಹೆಚ್ಚು. ದುಡಿಮೆಯಲ್ಲಿ ಚಲನೆ ಇದೆಯೇ ಇಲ್ಲವೇ ಎಂಬುದು ಆಯುಸ್ಸನ್ನೇ ಮುಟ್ಟುವ ಮಾತೆಂದು ವೈದ್ಯಲೋಕವು ಆಗ ಎಚ್ಚೆತ್ತಿತು.

ಹೃದಯದಿಂದ ಮಿದುಳಿಗೆ ದಾರಿ ದೂರವಿಲ್ಲ. ಮನುಷ್ಯನ ಮಿದುಳು ಅವನ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ. ಆದರೆ ಅವನು ಸುಮ್ಮನಿರುವಾಗ ದೇಹಕ್ಕೆ ಬೇಕಾಗುವ ಪ್ರಾಣವಾಯುವಿನಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಅದೊಂದೇ ಬಳಸುತ್ತದೆ. ತನ್ನಲ್ಲಿ ಕೂಡಿಟ್ಟುಕೊಳ್ಳಲು ಅದಕ್ಕೆ ಉಗ್ರಾಣವಿಲ್ಲ. ಕ್ಷಣಕ್ಷಣವೂ ರಕ್ತವು ತಂದುಕೊಟ್ಟುದನ್ನೇ ಉಂಡು ಅದು ಬದುಕಬೇಕು. ಕಾಲಿಗಿಳಿದ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವಲ್ಲಿ ಮೀನಖಂಡಗಳ ನೆರವು ದೊಡ್ಡದು. ನಡೆಯುವಾಗ ಅವು ಬಿಗಿದು ಸಡಿಲಿ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಕುಳಿತಾಗ ಈ ಯಂತ್ರ ನಿಂತುಹೋಗುತ್ತದೆ. ಮಂಡಿಯ ಬಳಿ ನಾಳಗಳು ಮಡಿಸಿಕೊಂಡಿರುತ್ತವೆ, ರಕ್ತದ ಓಟ ನಿಧಾನವಾಗುತ್ತದೆ, ನಾಳದ ಒಳಗೋಡೆಯೂ ತನ್ನ ಚುರುಕನ್ನು ಕಳೆದುಕೊಳ್ಳುತ್ತದೆ. ಊಟವಾದ ಮೇಲೆ ಸ್ನಾಯುಗಳು ದುಡಿಯದಿದ್ದರೆ ರಕ್ತದಲ್ಲಿ ಸಕ್ಕರೆಯು ಏರಿ ಹಾಗೆಯೇ ನಿಲ್ಲುತ್ತದೆ. ಇಪ್ಪತ್ತು ನಿಮಿಷಗಳಿಗೊಮ್ಮೆ ಎದ್ದು ಎರಡು ನಿಮಿಷ ನಡೆದವರಲ್ಲಿ ಈ ಏರಿಕೆ ಕಡಮೆಯಾಗುವುದನ್ನು ಆಸ್ಟ್ರೇಲಿಯದ ಸಂಶೋಧಕರು ೨೦೧೨ರಲ್ಲಿ ತೋರಿಸಿದರು.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಸಂಶೋಧಕರು ೨೦೧೮ರಲ್ಲಿ ಇನ್ನೂ ಹತ್ತಿರದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕಚೇರಿಯಲ್ಲಿ ದುಡಿಯುವ ಹದಿನೈದು ಮಂದಿ ಆರೋಗ್ಯವಂತರನ್ನು ನಾಲ್ಕು ಗಂಟೆಗಳ ಕಾಲ ಕೂರಿಸಿ, ಮಿದುಳಿಗೆ ಹೋಗುವ ನಾಳದಲ್ಲಿ ರಕ್ತದ ವೇಗವನ್ನು ಅಳೆದರು. ಏಳದೆ ಕುಳಿತ ದಿನ ಆ ವೇಗ ಇಳಿಯಿತು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಮೆಲ್ಲಗೆ ನಡೆದ ದಿನ ಇಳಿಯಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಎಂಟು ನಿಮಿಷ ನಡೆದ ದಿನ ಆ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಇದರಿಂದ ತಿಳಿಯುವುದೇನೆಂದರೆ, ನಡಿಗೆಯ ಮೊತ್ತಕ್ಕಿಂತಲೂ ಕುಳಿತಿರುವ ಸರಪಣಿಯನ್ನು ಮೇಲಿಂದ ಮೇಲೆ ಕಡಿಯುವುದೇ ಮುಖ್ಯವಾಗಿರಬಹುದು.

ಇಲ್ಲಿ ಸತ್ಯಕ್ಕೆ ಅಪಚಾರವಾಗದಂತೆ ಅಳತೆಯಿಂದ ಮಾತನಾಡಬೇಕು. ರಕ್ತದ ವೇಗ ಇಳಿದ ಮಾತ್ರಕ್ಕೆ ಬುದ್ಧಿ ಕೆಟ್ಟಿತೆಂದು ಹೇಳಲಾಗದು. ೨೦೧೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಗಂಟೆಗೊಮ್ಮೆ ಐದು ನಿಮಿಷ ನಡೆದವರಿಗೆ ಲವಲವಿಕೆ ಹೆಚ್ಚಿತು, ದಣಿವು ತಗ್ಗಿತು, ಮನಸ್ಸು ಹಗುರಾಯಿತು. ಆದರೆ ಬುದ್ಧಿಶಕ್ತಿಯ ಲೆಕ್ಕಾಚಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರೇಲಿಯದಲ್ಲಿ ಐವತ್ತೈದು ವರ್ಷ ದಾಟಿದವರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಬೆಳಗ್ಗೆ ಅರ್ಧ ಗಂಟೆ ನಡೆದು, ಮುಂದೆ ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ಎದ್ದಾಡಿದ ದಿನ ಅವರ ತತ್ಕಾಲದ ನೆನಪು ಮೇಲಾಗಿತ್ತು. ಒಂದು ದಿನದ ಮಟ್ಟಿಗೆ ನೋಡಿದರೆ ಸಾಕ್ಷ್ಯವು ಹೀಗೆ ಮಿಶ್ರವಾಗಿದೆ. ವರ್ಷಗಳ ಮಟ್ಟಿಗೆ ನೋಡಿದರೆ ಅದು ಇನ್ನಷ್ಟು ಗಂಭೀರವಾಗಿದೆ. ಬ್ರಿಟನ್ನಿನಲ್ಲಿ ಅರವತ್ತು ದಾಟಿದ ಸುಮಾರು ಐವತ್ತು ಸಾವಿರ ಜನರನ್ನು ಗಮನಿಸಿ ೨೦೨೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಿನಕ್ಕೆ ಹತ್ತು ಗಂಟೆಗಳಿಗೂ ಮೀರಿ ಜಡವಾಗಿರುವವರಲ್ಲಿ ಮುಪ್ಪಿನ ಮರೆವಿನ ರೋಗ ಹೆಚ್ಚು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಇದೇ ಕಾರಣವೆಂದು ಸ್ಥಾಪಿಸುವುದಿಲ್ಲ. ಇನ್ನೊಂದು ವಿಶೇಷವೆಂದರೆ, ೨೦೨೨ರಲ್ಲಿ ಬಂದ ವರದಿಯೊಂದು ದೂರದರ್ಶನ ನೋಡುತ್ತ ಕುಳಿತವರಿಗೂ ಕಂಪ್ಯೂಟರಿನ ಮುಂದೆ ಕುಳಿತವರಿಗೂ ಭೇದವನ್ನು ಕಂಡಿತು. ಮೊದಲನೆಯವರಲ್ಲಿ ಮರೆವಿನ ರೋಗ ಹೆಚ್ಚು, ಎರಡನೆಯವರಲ್ಲಿ ಕಡಮೆ. ಕುಳಿತಾಗಲೂ ಮನಸ್ಸು ದುಡಿಯುತ್ತಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ನಡಿಗೆಯ ಪಕ್ಷದ ಸಾಕ್ಷ್ಯವೂ ಇದೆ. ಅಮೆರಿಕದಲ್ಲಿ ನೂರಿಪ್ಪತ್ತು ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಚುರುಕಾಗಿ ನಡೆಯಿಸಿದರು. ವರ್ಷ ಕಳೆದ ಮೇಲೆ ಅವರ ಮಿದುಳಿನಲ್ಲಿ ನೆನಪಿನ ನೆಲೆಯಾದ ಭಾಗವು ನೂರಕ್ಕೆ ಎರಡರಷ್ಟು ಹಿಗ್ಗಿತ್ತು. ಈ ವರದಿ ಬಂದುದು ೨೦೧೧ರಲ್ಲಿ. ವಯಸ್ಸಾದಂತೆ ಕುಗ್ಗುವುದೇ ಸಹಜವಾದ ಆ ಭಾಗವು ಕಾಲ್ನಡಿಗೆಯಿಂದ ಬೆಳೆದುದು ಸಾಮಾನ್ಯ ಸಂಗತಿಯಲ್ಲ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೪ರಲ್ಲಿ, ನಡೆಯುತ್ತಿರುವವರಿಗೆ ಕುಳಿತವರಿಗಿಂತ ಹೊಸ ಹೊಸ ಆಲೋಚನೆಗಳು ಹೆಚ್ಚಾಗಿ ಹೊಳೆಯುವುದನ್ನು ಕಂಡರು.

ಈ ಎಲ್ಲ ಸಾಕ್ಷ್ಯವನ್ನೂ ಒಟ್ಟುಗೂಡಿಸಿದರೆ ನಿಲ್ಲುವ ಮಾತು ಒಂದು: ತನುವನ್ನು ಬದಿಗಿಟ್ಟು ಮನವನ್ನು ಮಾತ್ರ ದುಡಿಸಿಕೊಳ್ಳಲು ಬಾರದು. ಇದು ಶರಣಧರ್ಮಕ್ಕೆ ಹೊಸ ಮಾತಲ್ಲ. ತನುವನ್ನು ಗುರುವಿಗೂ, ಮನವನ್ನು ಲಿಂಗಕ್ಕೂ, ಧನವನ್ನು ಜಂಗಮಕ್ಕೂ ಸಲ್ಲಿಸಬೇಕೆಂಬುದು ತ್ರಿವಿಧ ದಾಸೋಹ. ಮೂರರಲ್ಲಿ ಮೊದಲು ಎಣಿಸಿದುದು ತನುವನ್ನು. ಲಿಂಗವನ್ನು ಗುಡಿಯಲ್ಲಿ ಬಿಡದೆ ಅಂಗದ ಮೇಲೆಯೇ ಧರಿಸಿದ ಧರ್ಮವು ಅಂಗವನ್ನು ಹೀನವೆಂದು ಎಂದಿಗೂ ಎಣಿಸಲಾರದು. ಪ್ರಸಾದವನ್ನು ಉಂಡು ಪ್ರಸಾದವೇ ಆಗಬೇಕಾದ ಕಾಯವನ್ನು ಹತ್ತು ಗಂಟೆಗಳ ಕಾಲ ಮರೆತುಬಿಡುವುದು, ಕೊರಳಿನ ಲಿಂಗಕ್ಕೆ ಬೆಳಗ್ಗೆ ನೀರೆರೆದು ಅದರ ಪೀಠವನ್ನು ಗೆದ್ದಲಿಗೆ ಬಿಟ್ಟಂತೆ ಆಗುವುದು.

ಆದರೆ ಇಷ್ಟರಿಂದ ಪ್ರಶ್ನೆ ತೀರಲಿಲ್ಲ. ತನ್ನ ದೇಹವನ್ನು ತಾನು ಕೆಡಿಸಿಕೊಂಡರೆ ಅದು ತನ್ನೊಬ್ಬನ ನಷ್ಟ, ಅದರಲ್ಲಿ ಪಾಪವೇನು ಬಂತು ಎಂದು ಯಾರಾದರೂ ಕೇಳಬಹುದು. ಅವರು ಒಂದು ಸಂದರ್ಭವನ್ನು ಭಾವಿಸಿಕೊಳ್ಳಬೇಕು. ಸಂಜೆ ನಾಲ್ಕು ಗಂಟೆಯ ಹೊತ್ತು. ಯಾವುದೋ ಒಂದು ಕಚೇರಿಯ ಮೇಜಿನ ಮುಂದೆ ಹಳ್ಳಿಯಿಂದ ಬಂದ ವೃದ್ಧೆಯೊಬ್ಬಳು ವಿಧವಾ ವೇತನದ ಅರ್ಜಿಯನ್ನು ಹಿಡಿದು ನಿಂತಿದ್ದಾಳೆ. ಒಂದು ಕಾಗದದಲ್ಲಿ ಅವಳ ಹೆಸರು ಬಸಮ್ಮ ಎಂದೂ ಇನ್ನೊಂದರಲ್ಲಿ ಬಸವ್ವ ಎಂದೂ ಇದೆ. ಮೇಜಿನ ಆಚೆ ಕುಳಿತ ಗುಮಾಸ್ತನು ಕೆಟ್ಟವನಲ್ಲ, ಲಂಚ ಮುಟ್ಟಿದವನಲ್ಲ. ಬೆಳಗ್ಗೆ ಹತ್ತಕ್ಕೆ ಕುಳಿತವನು ಊಟಕ್ಕೂ ಎದ್ದಿಲ್ಲ. ಕಣ್ಣು ಭಾರವಾಗಿದೆ, ತಲೆ ಮಂಕಾಗಿದೆ. ಬೆಳಗಿನ ಹೊತ್ತಾಗಿದ್ದರೆ ಎರಡೂ ಕಾಗದಗಳನ್ನು ಹೋಲಿಸಿ ನೋಡಿ, ತಂದೆಯ ಹೆಸರೂ ಊರೂ ಒಂದೇ ಇರುವುದನ್ನು ಕಂಡು, ಅವಳಿಂದ ಒಂದು ಹೇಳಿಕೆ ಬರೆಯಿಸಿಕೊಂಡು ಕೆಲಸವನ್ನು ಮುಂದಕ್ಕೆ ಕಳುಹಿಸುತ್ತಿದ್ದನು. ಈಗ ಅಷ್ಟು ವಿವೇಚಿಸುವ ಚೈತನ್ಯ ಅವನಲ್ಲಿ ಇಲ್ಲ. “ಹೆಸರು ಸರಿ ಮಾಡಿಸಿಕೊಂಡು ನಾಳೆ ಬಾರಮ್ಮ” ಎಂದುಬಿಡುತ್ತಾನೆ. ಅವನಿಗೆ ಅದು ಒಂದು ಮಾತು. ಅವಳಿಗೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಮತ್ತೊಂದು ತಿಂಗಳ ಉಪವಾಸ.

ಇಲ್ಲಿ ತಪ್ಪು ನಡೆಯಿತು. ಆದರೆ ಅದು ನಾಲ್ಕು ಗಂಟೆಗೆ ನಡೆದುದಲ್ಲ. ಹನ್ನೊಂದಕ್ಕೆ ಏಳದಿದ್ದಾಗ, ಒಂದಕ್ಕೆ ಏಳದಿದ್ದಾಗ, ಮೂರಕ್ಕೆ ಏಳದಿದ್ದಾಗ ಅದು ಸ್ವಲ್ಪಸ್ವಲ್ಪವಾಗಿ ಸೇರುತ್ತ ಬಂದಿತು. ದಣಿದ ಮನಸ್ಸು ಸುಲಭವಾದ ಉತ್ತರವನ್ನೇ ಹುಡುಕುತ್ತದೆ. ಮತ್ತು ಅಧಿಕಾರದ ಕುರ್ಚಿಯಲ್ಲಿ ಕುಳಿತವನಿಗೆ ‘ಇಲ್ಲ’ ಎಂಬುದೇ ಎಲ್ಲಕ್ಕಿಂತ ಸುಲಭವಾದ ಉತ್ತರ. ಬೆಂಗಳೂರಿನಲ್ಲಿ ೧೯೫೬ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆಯಿಸಿದ್ದಾರೆ. ಅದು ದೇವರ ಕೆಲಸವಾದರೆ ಮೇಜಿನ ಮುಂದೆ ಬಂದು ನಿಂತವಳೇ ಜಂಗಮ. ಜಂಗಮವು ಬಂದಾಗ ಮನಸ್ಸು ಎಚ್ಚರವಾಗಿ ಇರುವಂತೆ ಕಾಯವನ್ನು ಇಟ್ಟುಕೊಳ್ಳುವುದು ಭೃತ್ಯಾಚಾರದ ಭಾಗವೇ ಸರಿ. ಹೀಗೆ ನೋಡಿದಾಗ ದೇಹದ ಅಲಕ್ಷ್ಯವು ತನ್ನೊಬ್ಬನ ನಷ್ಟವಾಗಿ ಉಳಿಯುವುದಿಲ್ಲ. ಆಸ್ಪತ್ರೆಯ ಲೆಕ್ಕದವನು, ಬ್ಯಾಂಕಿನ ಗುಮಾಸ್ತ, ಶಾಲೆಯ ಉತ್ತರಪತ್ರಿಕೆಗಳನ್ನು ತಿದ್ದುವ ಉಪಾಧ್ಯಾಯ, ಇವರೆಲ್ಲರ ಮಂಕಿನ ಬೆಲೆಯನ್ನು ತೆರುವವರು ಬೇರೆಯವರು.

ಇದಕ್ಕೆ ಎದುರಾಗಿ ಕೆಲವು ಆಕ್ಷೇಪಗಳು ಬರಬಹುದು. ಮೊದಲನೆಯದು ಭಕ್ತನದೇ ಆಕ್ಷೇಪ. ಶಿವಯೋಗಿಯೂ ಗಂಟೆಗಟ್ಟಲೆ ಕುಳಿತಿರುತ್ತಾನಲ್ಲವೆ? ಸ್ಥಿರವಾದ ಆಸನವನ್ನೇ ಸಾಧನೆಯೆಂದು ಹೊಗಳಿ, ಕಚೇರಿಯ ಆಸನವನ್ನು ಹಳಿಯುವುದು ಹೇಗೆ? ಇದಕ್ಕೆ ಉತ್ತರ ಎರಡು. ಯೋಗಿಯು ಕುಳಿತಾಗ ಬೆನ್ನನ್ನೂ ಉಸಿರನ್ನೂ ಅರಿವಿನಲ್ಲಿ ಇರಿಸಿಕೊಂಡಿರುತ್ತಾನೆ. ಕಚೇರಿಯವನು ತಾನು ಕುಳಿತಿರುವುದನ್ನೇ ಮರೆತಿರುತ್ತಾನೆ. ಒಂದು ದೇಹವನ್ನು ಒಳಗೊಂಡ ಆಸನ, ಇನ್ನೊಂದು ದೇಹವನ್ನು ಹೊರಗಿಟ್ಟ ಆಸನ. ಆದರೆ ಇಷ್ಟನ್ನೇ ಹೇಳಿ ಸಮಾಧಾನಪಟ್ಟುಕೊಳ್ಳಲಾಗದು. ಕಾಲಿನ ರಕ್ತಕ್ಕೆ ಪೂಜೆಯ ಮಣೆಯೂ ಕಚೇರಿಯ ಕುರ್ಚಿಯೂ ಎಂಬ ಭೇದ ತಿಳಿಯದು. ಇಡೀ ದಿನ ಕಚೇರಿಯಲ್ಲಿ ಕುಳಿತು ಬಂದವನು ಸಂಜೆ ಮತ್ತೆ ಮೂರು ಗಂಟೆ ಧ್ಯಾನಕ್ಕೆಂದು ಕುಳಿತರೆ ದೇಹವು ಅದನ್ನು ರಿಯಾಯಿತಿಯಿಂದ ಕಾಣುವುದಿಲ್ಲ. ಅಂತಹವನು ಪೂಜೆಗೆ ಮೊದಲು ಸ್ವಲ್ಪ ದೂರ ನಡೆದುಬಂದರೆ ಪೂಜೆಯೂ ಮೇಲಾಗುವುದು.

ಎರಡನೆಯದು ಕಾಯಕನಿಷ್ಠನ ಆಕ್ಷೇಪ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕೆರೆಗೆ ಜಾರಿ ಬಿದ್ದರೂ ಚಂದಯ್ಯನು ಕಾಯಕವನ್ನು ಬಿಡಲಿಲ್ಲವೆಂಬ ಕಥೆಯಿದೆ. ಲಿಂಗಕ್ಕಾಗಿ ನಿಲ್ಲದ ಕಾಯಕವನ್ನು ಕಾಲು ಆಡಿಸುವುದಕ್ಕಾಗಿ ನಿಲ್ಲಿಸಬಹುದೇ? ನಿಲ್ಲಿಸಬಹುದು, ಏಕೆಂದರೆ ಅದು ನಿಲ್ಲಿಸುವುದೇ ಅಲ್ಲ. ನೇಕಾರನು ಮಗ್ಗವನ್ನು ತಡೆದು ಹರಿದ ಎಳೆಯನ್ನು ಗಂಟುಹಾಕುತ್ತಾನೆ. ಕ್ಷೌರಿಕನು ಕತ್ತಿಯನ್ನು ಮಸೆಯುವಷ್ಟು ಹೊತ್ತು ಕೈ ತಡೆಯುತ್ತಾನೆ. ಬಡಗಿಯು ಬಾಚಿಯನ್ನು ಸಾಣೆ ಹಿಡಿಯುತ್ತಾನೆ. ಇವರಾರೂ ಕಾಯಕವನ್ನು ಬಿಟ್ಟವರೆಂದು ಯಾರೂ ಹೇಳುವುದಿಲ್ಲ. ಕಚೇರಿಯವನಿಗೆ ಬುದ್ಧಿಯೇ ಕತ್ತಿ, ಬುದ್ಧಿಗೆ ದೇಹವೇ ಸಾಣೆಕಲ್ಲು. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಏಳುವುದು ಕಾಯಕದ ಒಳಗಿನ ಕೆಲಸವೇ ಹೊರತು ಅದರಿಂದ ಕದ್ದ ಹೊತ್ತಲ್ಲ. ಆದರೆ ಈ ನೆಪದಿಂದ ಎದ್ದವನು ಹರಟೆಗೆ ನಿಂತು ಅರ್ಧ ಗಂಟೆ ಕಳೆದರೆ ಅದು ಮಾತ್ರ ಕಳವು.

ಮೂರನೆಯದು ಪರಾಧೀನನ ಆಕ್ಷೇಪ, ಮತ್ತು ಇದೇ ಎಲ್ಲಕ್ಕಿಂತ ತೂಕವುಳ್ಳದು. ಎದ್ದೇಳುವ ಸ್ವಾತಂತ್ರ್ಯವೇ ಇಲ್ಲದವರು ಅನೇಕರಿದ್ದಾರೆ. ಗಿರಾಕಿಗಳ ದೂರವಾಣಿ ಕರೆಗಳಿಗೆ ಉತ್ತರಿಸುವ ತರುಣಿಗೆ ಕುರ್ಚಿ ಬಿಟ್ಟ ನಿಮಿಷಗಳನ್ನೂ ಯಂತ್ರ ಎಣಿಸುತ್ತದೆ. ಪೀಣ್ಯದ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತ ಹೆಣ್ಣುಮಗಳು ಗಂಟೆಗೆ ಇಷ್ಟು ಬಟ್ಟೆ ಮುಗಿಸಲೇಬೇಕು. ಇವರಿಗೆ ಏಳಿರೆಂದು ಉಪದೇಶಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಇಲ್ಲಿ ಹೊಣೆ ಧಣಿಯದು. ದುಡಿಸಿಕೊಳ್ಳುವವನು ಕೂಲಿಗೆ ಪ್ರತಿಯಾಗಿ ಕೊಂಡುಕೊಂಡುದು ಆಳಿನ ದುಡಿಮೆಯನ್ನು. ಅವನ ಮುಪ್ಪಿನ ನೆನಪನ್ನೂ ನಾಳಗಳ ಆರೋಗ್ಯವನ್ನೂ ಅವನು ಕೊಂಡಿಲ್ಲ. ಕೊಳ್ಳದುದನ್ನು ತೆಗೆದುಕೊಳ್ಳುವುದಕ್ಕೆ ಏನೆಂದು ಹೆಸರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದ್ಭಕ್ತರಲ್ಲಿ ಅಂಗಡಿಯ ಧಣಿಗಳಿದ್ದಾರೆ, ಕಾರ್ಖಾನೆಯ ಒಡೆಯರಿದ್ದಾರೆ, ಶಾಲಾ ಕಾಲೇಜುಗಳ ಆಡಳಿತ ಮಂಡಲಿಗಳಲ್ಲಿ ಇರುವವರಿದ್ದಾರೆ. ತಮ್ಮ ಗದ್ದಿಗೆಯ ಪಕ್ಕದಲ್ಲಿ ಬೆಳಗಿನಿಂದ ಕುಳಿತು ಲೆಕ್ಕ ಬರೆಯುವವನು ಎಷ್ಟು ಸಲ ಎದ್ದನೆಂಬುದನ್ನು ಅವರು ನೋಡಬೇಕು. ಎದ್ದವನನ್ನು ಮೈಗಳ್ಳನೆಂದು ದಿಟ್ಟಿಸುವ ಧಣಿಯ ಒಂದು ನೋಟವೇ ಆಳನ್ನು ಇಡೀ ದಿನ ಕೂರಿಸಿಬಿಡುತ್ತದೆ. ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯವು ಕಚೇರಿಯ ನೌಕರರಿಗಾಗಿ ಐದು ನಿಮಿಷಗಳ ಯೋಗವಿರಾಮದ ಕ್ರಮವೊಂದನ್ನು ಸಿದ್ಧಪಡಿಸಿ, ೨೦೨೧ರಲ್ಲಿ ಅದನ್ನು ವ್ಯಾಪಕವಾಗಿ ಬಳಕೆಗೆ ತರಲು ಯತ್ನಿಸಿತು. ಅಂತಹ ಕ್ರಮವು ಫಲ ಕೊಡಬೇಕಾದರೆ ಮೊದಲು ಏಳಬೇಕಾದವನು ಮೇಲಧಿಕಾರಿ. ಅವನು ಕುಳಿತೇ ಇದ್ದರೆ ಕೆಳಗಿನವರಾರೂ ಏಳುವುದಿಲ್ಲ.

ಧಣಿಯಿಲ್ಲದೆ ತಾನೇ ತನ್ನನ್ನು ಕೂರಿಸಿಕೊಂಡವನ ಮಾತು ಬೇರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಧರ್ಮಪತ್ನಿ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ; ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದಳು. ಅಂದಿನ ಅನ್ನಕ್ಕೆ ಬೇಕಾದುದು ಎಷ್ಟೆಂಬುದು ಆ ಮಹಾತಾಯಿಗೆ ಗೊತ್ತಿತ್ತು. ಬಡತಿಗಾಗಿ, ಇನ್ನೊಂದು ನಿವೇಶನಕ್ಕಾಗಿ, ಪಕ್ಕದ ಮನೆಯವರ ಕಾರಿಗೆ ಸಮನಾದ ಕಾರಿಗಾಗಿ ರಾತ್ರಿ ಹತ್ತರವರೆಗೆ ಕುರ್ಚಿಗೆ ಅಂಟಿಕೊಂಡವನು ಮನೆಗೆ ತರುವುದರಲ್ಲಿಯೂ ಇಂತಹ ಹೆಚ್ಚಿನ ಅಕ್ಕಿ ಬೆರೆತಿರುತ್ತದೆ. ಅದನ್ನು ಅವನು ತನ್ನ ಮೈಯಿಂದಲೂ, ತನ್ನ ಮಕ್ಕಳಿಗೆ ಮುಂದೆ ಬೇಕಾಗುವ ತನ್ನ ಬುದ್ಧಿಯಿಂದಲೂ ಆಯ್ದು ತಂದಿರುತ್ತಾನೆ. ಅದನ್ನು ಹಿಂದಕ್ಕೆ ಸುರಿದು ಬಾ ಎಂದು ಹೇಳುವ ಲಕ್ಕಮ್ಮಂದಿರು ಮನೆಮನೆಯಲ್ಲಿ ಬೇಕಾಗಿದ್ದಾರೆ. ಇಂದು ಗೃಹಿಣಿಯೂ ಕಚೇರಿಗೆ ಹೋಗುವವಳೇ ಆಗಿರುವುದರಿಂದ ಈ ಮಾತನ್ನು ಅವಳಿಗೆ ಹೇಳುವ ಮಾರಯ್ಯನೂ ಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಲನೆಯನ್ನು ಹೊಗಳುವ ಭರದಲ್ಲಿ ನಡೆಯಲಾರದವರನ್ನು ನೋಯಿಸಬಾರದು. ಕಾಲಿಲ್ಲದವನ ಬುದ್ಧಿ ಮಂಕೆಂದೂ, ಹಾಸಿಗೆ ಹಿಡಿದ ತಾಯಿಯ ಮರೆವು ಅವಳ ತಪ್ಪಿನ ಫಲವೆಂದೂ ಯಾವ ವಿಜ್ಞಾನವೂ ಹೇಳಿಲ್ಲ, ಯಾವ ಧರ್ಮವೂ ಹೇಳಲಾಗದು. ಇರುವ ಅಂಗವನ್ನು ಇರುವಷ್ಟು ದುಡಿಸುವುದೇ ಕಾಯದ ಪಾಲು. ಕೈ ಆಡುವವನು ಕೈಯನ್ನು ಆಡಿಸಲಿ, ಉಸಿರು ಮಾತ್ರ ತನ್ನ ವಶದಲ್ಲಿರುವವನು ಉಸಿರನ್ನು ಆಳವಾಗಿ ಎಳೆದುಕೊಳ್ಳಲಿ. ಹಾಗೆಯೇ ಇಡೀ ದಿನ ನಿಂತು ದುಡಿಯುವ ಅಂಗಡಿಯ ಆಳಿಗೂ, ಇಟ್ಟಿಗೆ ಹೊರುವ ಕೂಲಿಗೂ ಬೇಕಾದುದು ನಡಿಗೆಯಲ್ಲ, ಕುಳಿತುಕೊಳ್ಳಲು ಒಂದಿಷ್ಟು ಹೊತ್ತು. ಒಂದೇ ಭಂಗಿಯಲ್ಲಿ ದೇಹವನ್ನು ಕಟ್ಟಿಹಾಕುವುದು ಎಲ್ಲಿದ್ದರೂ ಕೆಡುಕೇ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಅದೇನೂ ಕಠಿಣವಾದ ವ್ರತವಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಅತ್ತಿತ್ತ ನಡೆಯಬೇಕು. ನೀರಿನ ಹೂಜಿಯನ್ನು ಮೇಜಿನ ಮೇಲೆ ಇರಿಸಿಕೊಳ್ಳದೆ ದೂರದಲ್ಲಿ ಇರಿಸಿದರೆ ಬಾಯಾರಿಕೆಯೇ ಎಬ್ಬಿಸುತ್ತದೆ. ದೂರವಾಣಿಯಲ್ಲಿ ಮಾತನಾಡುವಾಗ ನಿಂತು ಮಾತನಾಡಬಹುದು. ಪಕ್ಕದ ಕೋಣೆಯವನಿಗೆ ಹೇಳಬೇಕಾದುದನ್ನು ನಡೆದು ಹೋಗಿ ಹೇಳಿದರೆ ಕಾಲೂ ಆಡುತ್ತದೆ, ಸ್ನೇಹವೂ ಉಳಿಯುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ ಹೊರಗೆ ನಡೆಯಬೇಕು. ಇದಲ್ಲದೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿದೆ. ಹತ್ತು ಲಕ್ಷಕ್ಕೂ ಮೀರಿದ ಜನರ ವಿವರಗಳನ್ನು ಕೂಡಿಸಿ ೨೦೧೬ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ದಿನವೂ ಒಂದು ಗಂಟೆಯಿಂದ ಒಂದೂಕಾಲು ಗಂಟೆಯಷ್ಟು ಚುರುಕಾಗಿ ನಡೆಯುವಂತಹ ಶ್ರಮವುಳ್ಳವರಲ್ಲಿ, ಎಂಟು ಗಂಟೆಗೂ ಮೀರಿ ಕುಳಿತಿರುವುದರಿಂದ ಹೆಚ್ಚುವ ಮರಣದ ಭಯ ಕಾಣಲಿಲ್ಲ. ಎಂದರೆ ಕುಳಿತು ದುಡಿಯಲೇಬೇಕಾದವನಿಗೂ ದಾರಿ ಮುಚ್ಚಿಲ್ಲ.

ಕಾಯಕದ ಹೊತ್ತನ್ನು ಲೆಕ್ಕಹಾಕುವವನು ಅದರಲ್ಲಿ ಕಾಯದ ಪಾಲನ್ನೂ ತೆಗೆದಿರಿಸಬೇಕು. ದುಡಿದುದರಲ್ಲಿ ದಾಸೋಹದ ಪಾಲನ್ನು ಮೊದಲೇ ತೆಗೆದಿರಿಸುವ ಮನೆತನಗಳಿಗೆ ಇದು ತಿಳಿಯದ ಕ್ರಮವಲ್ಲ. ಅಂತಹ ಮನೆಯ ಮಗನು ನಾಳೆ ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಮುಖ ತೊಳೆದು ಬಂದು ಕುಳಿತನೆಂದರೆ, ಸಂಜೆ ನಾಲ್ಕಕ್ಕೆ ಬಸಮ್ಮನ ಅರ್ಜಿ ಅವನ ಕೈಗೆ ಬಂದಾಗ ಅವನು ಎರಡೂ ಕಾಗದಗಳನ್ನು ಬಿಡಿಸಿ ನೋಡುವಷ್ಟು ಎಚ್ಚರವಾಗಿರುವನು. ಆ ಮುದುಕಿ ಕೊನೆಯ ಬಸ್ಸಿಗೆ ಮೊದಲೇ ಊರಿಗೆ ಹೊರಟಾಳು.